ಎರಡು ಸಾವಿರ ಫಾಂಟುಗಳ ಪಟ್ಟಿ: ಅಳಿಸುವ ಮೊದಲು ಅಟ್ಟ ಕಟ್ಟಿ

ಪ್ರಶ್ನೆ: ಗದಗದಲ್ಲಿ ಚಿಕ್ಕದೊಂದು ಡಿಟಿಪಿ ಕೇಂದ್ರ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ, ಜಾತ್ರೆಯ ಫ್ಲೆಕ್ಸ್ ನಮ್ಮ ಕೆಲಸ. ಕೋರಲ್‌ಡ್ರಾ, ಫೋಟೋಶಾಪ್ ಬಳಸುತ್ತೇವೆ. ವರ್ಷಗಳಿಂದ ಸೇರುತ್ತ ಬಂದ ಫಾಂಟುಗಳು ಈಗ ಎರಡು ಸಾವಿರದ ಹತ್ತಿರ ಇವೆ. ಬೇಕಾದ ಒಂದು ಫಾಂಟ್ ಹುಡುಕುವಷ್ಟರಲ್ಲಿ ಗಿರಾಕಿಯ ಚಹಾ ಮುಗಿದಿರುತ್ತದೆ. ಹೋದ ತಿಂಗಳು ಬೇಡವೆನಿಸಿದ ಮುನ್ನೂರನ್ನು ಅಳಿಸಿದೆ. ಮರುವಾರವೇ ಹಳೆಯ ಪತ್ರಿಕೆಯೊಂದನ್ನು ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಪಿ, ಟೋಪಿ ಹಾಕಿದ ಎ, ಪೌಂಡ್ ಗುರುತು! ಅಂಗಡಿಯ ಹುಡುಗ ಎಲ್ಲವನ್ನೂ ತೆಗೆದು, ಮೊಬೈಲಿನಲ್ಲಿ ಬರುವಂಥ ಯುನಿಕೋಡ್ ಕನ್ನಡವನ್ನೇ ಹಾಕಿಬಿಡೋಣ ಎನ್ನುತ್ತಾನೆ. ಈ ಪಟ್ಟಿಯನ್ನು ಹಿಡಿತಕ್ಕೆ ತರುವುದು ಹೇಗೆ?

ಉತ್ತರ: ಮೊದಲು ಆ ಪತ್ರಿಕೆಯ ವಿಚಾರ. ಗಾಬರಿ ಬೇಡ, ಕಡತ ಕೆಟ್ಟಿಲ್ಲ. ನೀವು ನೋಡಿದ ಪಿ, ಟೋಪಿಯ ಎ, ಪೌಂಡ್ ಗುರುತು ಇವೆಲ್ಲ ಕನ್ನಡವೇ, ಮೇಲಿನ ಅಂಗಿ ಕಳಚಿಕೊಂಡು ನಿಂತಿದೆ ಅಷ್ಟೇ. ಕನ್ನಡ ಟೈಪಿಂಗಿನ ತಂತ್ರಾಂಶವಾದ ನುಡಿಯ ಹಳೆಯ ಫಾಂಟುಗಳಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದಾಗ ಗಣಕ ಬರೆದಿಟ್ಟುಕೊಳ್ಳುವುದು ಏಳು ಗುರುತುಗಳನ್ನು: ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರು ಬಳಸುವ ಬಿ-ಯಂಥ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೊಮ್ಮೆ ಎ. ಪಿ ಎಂದರೆ ತಲೆಕಟ್ಟಿಲ್ಲದ ಕಕಾರದ ಮೈ. ಪೌಂಡ್ ಚಿಹ್ನೆ ನಕಾರದ ಮೈ. ಜರ್ಮನ್ ಅಕ್ಷರ ನಕಾರದ ಒತ್ತು. ಮೂರು ಸಲ ಬರುವ ಆ ಟೋಪಿಯ ಎ ನಮ್ಮ ತಲೆಕಟ್ಟು. ಫಾಂಟ್ ಇದ್ದರೆ ಈ ಏಳೂ ಸೇರಿ ಕನ್ನಡವಾಗುತ್ತವೆ, ಇಲ್ಲದಿದ್ದರೆ ಬೆತ್ತಲಾಗಿ ಕಾಣುತ್ತವೆ.

ಆ ಕಡತವನ್ನು ಮತ್ತೊಮ್ಮೆ ತೆರೆಯಿರಿ. ಯಾವ ಫಾಂಟ್ ಸಿಗಲಿಲ್ಲವೆಂದು ಕೋರಲ್ ಒಂದು ಕಿಟಕಿಯಲ್ಲಿ ಹೆಸರು ಹೇಳಿ, ಬದಲಿಗೆ ಇದನ್ನು ಹಾಕಲೇ ಎಂದು ಕೇಳುತ್ತದೆ. ನಾವೆಲ್ಲರೂ ಓದದೆ ‘ಓಕೆ’ ಒತ್ತುವ ಜಾಗ ಅದು. ಈ ಸಲ ಒತ್ತಬೇಡಿ. ಅಲ್ಲಿರುವ ಹೆಸರನ್ನು ಕಾಗದದ ಮೇಲೆ ಬರೆದುಕೊಳ್ಳಿ. ಬದಲಿ ಫಾಂಟನ್ನು ತಾತ್ಕಾಲಿಕವಾಗಿಯೇ ಇಡಿ. ಶಾಶ್ವತ ಎಂಬ ಆಯ್ಕೆ ಒತ್ತಿ ಕಡತವನ್ನು ಉಳಿಸಿದಿರೋ, ಮೂಲ ಫಾಂಟಿನ ಹೆಸರೂ ಕಡತದಿಂದ ಅಳಿಸಿಹೋಗುತ್ತದೆ. ಆಮೇಲೆ ಅದು ನುಡಿಯೋ ಶ್ರೀಲಿಪಿಯೋ ಎಂದು ಹೇಳುವವರೇ ಇರುವುದಿಲ್ಲ. ಹೆಸರು ಕೈಯಲ್ಲಿದ್ದರೆ ಫಾಂಟನ್ನು ಮತ್ತೆ ಹುಡುಕಿ ಹಾಕಬಹುದು, ಪತ್ರಿಕೆ ಮೊದಲಿನಂತಾಗುತ್ತದೆ.

ಈ ಅನುಭವದಿಂದಲೇ ಒಂದು ವಿಷಯ ತಿಳಿಯುತ್ತದೆ. ನಿಮಗೆ ಕಸದಂತೆ ಕಾಣುವ ಆ ಪಟ್ಟಿಯನ್ನು ನಿಮ್ಮ ಹಳೆಯ ಕೆಲಸಗಳೆಲ್ಲ ನಂಬಿಕೊಂಡಿವೆ. ಪಟ್ಟಿಯನ್ನು ಚಿಕ್ಕದು ಮಾಡಬೇಕು ನಿಜ. ಆದರೆ ಫಾಂಟನ್ನು ಅಳಿಸುವುದು ಬೇರೆ, ಇನ್‌ಸ್ಟಾಲ್ ಆದವುಗಳ ಪಟ್ಟಿಯಿಂದ ಹೊರಗೆ ಇಡುವುದು ಬೇರೆ. ಹಬ್ಬಕ್ಕೆ ಮಾತ್ರ ಬೇಕಾಗುವ ಹಿತ್ತಾಳೆ ಕೊಳಗವನ್ನು ಯಾರೂ ಗುಜರಿಗೆ ಹಾಕುವುದಿಲ್ಲ, ದಿನವೂ ಒಲೆಯ ಪಕ್ಕದಲ್ಲೂ ಇಟ್ಟುಕೊಳ್ಳುವುದಿಲ್ಲ. ಅಟ್ಟದಲ್ಲಿ ಇಡುತ್ತಾರೆ. ನಿಮಗೆ ಬೇಕಿರುವುದೂ ಒಂದು ಅಟ್ಟ.

ಅಟ್ಟ ಕಟ್ಟುವುದಕ್ಕೆ ಅರ್ಧ ಗಂಟೆ ಸಾಕು. ಸಿ ಡ್ರೈವ್ ಅಲ್ಲದ ಬೇರೆ ಡ್ರೈವಿನಲ್ಲಿ ‘ಫಾಂಟ್ ಅಟ್ಟ’ ಎಂದು ಒಂದು ಫೋಲ್ಡರ್ ಮಾಡಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ತೆರೆದು ಎಲ್ಲವನ್ನೂ ಅಲ್ಲಿಗೆ ನಕಲು ಮಾಡಿ. ಕತ್ತರಿಸಿ ಅಂಟಿಸುವುದಲ್ಲ, ನಕಲು. ಇಷ್ಟಕ್ಕೇ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು, ಆದರೆ ಇನ್ನೊಂದು ಜಾಗವಿದೆ. 2018ರ ಕೊನೆಗೆ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದೀಚೆಗೆ, ಫಾಂಟಿನ ಮೇಲೆ ಸುಮ್ಮನೆ ‘ಇನ್‌ಸ್ಟಾಲ್’ ಎಂದು ಒತ್ತಿದರೆ ಅದು ಆ ಬಳಕೆದಾರನ ಖಾಸಗಿ ಫೋಲ್ಡರಿಗೆ ಹೋಗುತ್ತದೆ: ಯೂಸರ್ಸ್, ಅದರೊಳಗೆ ನಿಮ್ಮ ಹೆಸರು, ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್. ಆಪ್‌ಡೇಟಾ ಮರೆಯಲ್ಲಿರುವ ಫೋಲ್ಡರ್. ‘ವ್ಯೂ’ ಮೆನುವಿನಲ್ಲಿ ಹಿಡನ್ ಐಟಮ್ಸ್‌ಗೆ ಗುರುತು ಹಾಕಿದರೆ ಮಾತ್ರ ಕಾಣುತ್ತದೆ. ಅಲ್ಲಿಂದಲೂ ನಕಲು ಮಾಡಿ.

ಪಟ್ಟಿ ದುಪ್ಪಟ್ಟಾಗುವುದರ ಗುಟ್ಟೂ ಇಲ್ಲೇ ಇದೆ. ಖಾಸಗಿ ಫೋಲ್ಡರಿಗೆ ಹೋದ ಫಾಂಟ್ ಕೆಲವು ಹಳೆಯ ತಂತ್ರಾಂಶಗಳಿಗೆ ಕಾಣುವುದಿಲ್ಲ. ಕಾಣಲಿಲ್ಲವೆಂದು ಹುಡುಗ ಇನ್ನೊಮ್ಮೆ, ಈ ಸಲ ಬಲಗುಂಡಿ ಒತ್ತಿ ‘ಎಲ್ಲ ಬಳಕೆದಾರರಿಗೂ’ ಎಂದು ಹಾಕುತ್ತಾನೆ. ಈಗ ಒಂದೇ ಫಾಂಟ್ ಎರಡು ಕಡೆ. ನಾಳೆ ಅದರದೇ ಬೇರೆ ಆವೃತ್ತಿ ಪೆನ್ ಡ್ರೈವಿನಲ್ಲಿ ಬಂದರೆ ಮೂರನೆಯದು. ಫಾಂಟ್ಸ್ ಫೋಲ್ಡರಿನಲ್ಲಿ ಕಡತದ ಹೆಸರಿನ ಕೊನೆಗೆ ಅಡಿಗೆರೆಯೊಂದಿಗೆ ಸೊನ್ನೆ ಸೇರಿಕೊಂಡಿರುವುದನ್ನು ಕಂಡರೆ ಅದು ಇಂಥ ಮರುಸ್ಥಾಪನೆಯ ಗುರುತು. ಅಂಗಡಿಯಲ್ಲಿ ಒಂದು ಪದ್ಧತಿ ಇಟ್ಟುಕೊಳ್ಳಿ: ಹಾಕುವುದಾದರೆ ಯಾವಾಗಲೂ ಎಲ್ಲ ಬಳಕೆದಾರರಿಗೂ, ಒಂದೇ ದಾರಿಯಲ್ಲಿ.

ಅಟ್ಟಕ್ಕೆ ನಕಲು ಆದಮೇಲೆ ಅದನ್ನು ಇನ್ನೊಂದು ಹಾರ್ಡ್ ಡಿಸ್ಕಿಗೂ ಹಾಕಿಡಿ. ಈಗ ನಿರ್ಭಯವಾಗಿ ಪಟ್ಟಿಗೆ ಕೈ ಹಾಕಬಹುದು.

ಯಾವುದನ್ನು ಉಳಿಸುವುದು? ಇಲ್ಲಿ ಕಣ್ಣನ್ನು ನಂಬಬೇಡಿ. ‘ಇದು ಚೆನ್ನಾಗಿದೆ, ಯಾವತ್ತಾದರೂ ಬೇಕಾಗುತ್ತದೆ’ ಎಂದು ಒಂದೊಂದಾಗಿ ನೋಡುತ್ತ ಕೂತರೆ ಎರಡು ಸಾವಿರದಲ್ಲಿ ಸಾವಿರದ ಎಂಟುನೂರು ಚೆನ್ನಾಗಿಯೇ ಕಾಣುತ್ತವೆ. ಲೆಕ್ಕವನ್ನು ನಿಮ್ಮ ಕೆಲಸದಿಂದಲೇ ತೆಗೆಯಿರಿ. ಕಳೆದ ಒಂದು ವರ್ಷದಲ್ಲಿ ಗಿರಾಕಿಗಳಿಗೆ ಪ್ರೂಫ್ ಕಳುಹಿಸಿದ ಪಿಡಿಎಫ್‌ಗಳು ಇರುತ್ತವಲ್ಲ, ಅವುಗಳಲ್ಲಿ ಕರ್ವ್ಸ್ ಮಾಡದವನ್ನು, ಅಂದರೆ ಅಕ್ಷರಗಳನ್ನು ಬರಿಯ ರೇಖಾಚಿತ್ರವಾಗಿ ಬದಲಿಸದವನ್ನು, ಆರಿಸಿಕೊಳ್ಳಿ. ಅಕ್ರೋಬ್ಯಾಟ್ ರೀಡರಿನಲ್ಲಿ ತೆರೆದು ಕಂಟ್ರೋಲ್ ಮತ್ತು ಡಿ ಒತ್ತಿ, ‘ಫಾಂಟ್ಸ್’ ಎಂಬ ಪುಟಕ್ಕೆ ಹೋದರೆ ಆ ಕಡತದಲ್ಲಿ ಬಳಸಿದ ಫಾಂಟುಗಳ ಹೆಸರೆಲ್ಲ ಸಾಲಾಗಿ ಸಿಗುತ್ತವೆ. ಮೂವತ್ತು ನಲವತ್ತು ಕಡತ ನೋಡುವಷ್ಟರಲ್ಲಿ ಹೆಸರುಗಳು ಮತ್ತೆ ಮತ್ತೆ ಬರತೊಡಗುತ್ತವೆ. ನಾನು ನೋಡಿದ ಡಿಟಿಪಿ ಅಂಗಡಿಗಳಲ್ಲಿ ನಿಜವಾಗಿ ದುಡಿಯುವ ಫಾಂಟುಗಳು ಐವತ್ತು ಅರವತ್ತನ್ನು ದಾಟಿದ್ದು ಅಪರೂಪ. ಅಚ್ಚುಮೊಳೆಯ ಕಾಲದ ಮುದ್ರಣಾಲಯಗಳು ಇದಕ್ಕಿಂತಲೂ ಎಷ್ಟೋ ಕಡಿಮೆ ಅಕ್ಷರಗಳಲ್ಲಿ ಊರಿಗೆಲ್ಲ ಪತ್ರಿಕೆ ಅಚ್ಚು ಹಾಕಿದವು. ಮೊಳೆಗೆ ಸೀಸ ಬೇಕಿತ್ತು, ಸೀಸಕ್ಕೆ ದುಡ್ಡು ಬೇಕಿತ್ತು, ಪ್ರತಿ ಅಳತೆಗೂ ಬೇರೆ ಕೇಸು ಬೇಕಿತ್ತು. ಮುದ್ರಣಕ್ಕೆ ಹೆಸರಾದ ಊರಿನವರು ನೀವು, ಇದನ್ನು ನಿಮಗೆ ನಾನು ಹೇಳಬೇಕಿಲ್ಲ.

ಹಾಗೆ ಸಿಕ್ಕಿದ ಹೆಸರುಗಳಲ್ಲಿ ಕನ್ನಡದವನ್ನು ಎರಡು ಗುಂಪು ಮಾಡಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ವಿಂಗಡಣೆ. ದಪ್ಪ, ತೆಳು, ಅಲಂಕಾರ ಎಂಬ ವಿಂಗಡಣೆ ಆಮೇಲಿನದು.

ಮೊದಲ ಗುಂಪು ಹಳೆಯ ಸಂಕೇತದ ಫಾಂಟುಗಳು: ‘ನುಡಿ 01 ಇ’ಯಂಥವು, ಬರಹದ ‘ಬಿಆರ್‌ಎಚ್’ ಎಂದು ಶುರುವಾಗುವವು, ಶ್ರೀಲಿಪಿಯ ‘ಶ್ರೀ-ಕನ್’ ಸಾಲಿನವು, ಆಕೃತಿಯವು. ಇವು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡವನ್ನು ಬಾಡಿಗೆಗೆ ಇಟ್ಟಿರುವ ಫಾಂಟುಗಳು. ಪಟ್ಟಿಯಲ್ಲಿ ಫಾಂಟಿನ ಹೆಸರನ್ನು ಅದೇ ಫಾಂಟಿನಲ್ಲಿ ತೋರಿಸುವ ತಂತ್ರಾಂಶಗಳಲ್ಲಿ ಇವುಗಳ ಹೆಸರನ್ನು ಓದಲಿಕ್ಕೇ ಆಗದಿರುವುದು ಇದಕ್ಕೇ. ನುಡಿಯ ಹೆಸರು ಶುರುವಾಗುವ ದೊಡ್ಡ ‘ಎನ್’ ಇರುವ ಮನೆಯಲ್ಲಿ ಕೂತಿರುವುದು ‘ಓ’. ಹಾಗಾಗಿ ನುಡಿಯನ್ನು ಹುಡುಕುವವನಿಗೆ ಓಕಾರದಿಂದ ಶುರುವಾಗುವ ಒಂದು ಗೋಜಲು ಕಾಣುತ್ತದೆ. ಇನ್ನೊಂದು ಸಂಗತಿ, ನುಡಿಗೂ ಶ್ರೀಲಿಪಿಗೂ ಮನೆಯ ಹಂಚಿಕೆ ಬೇರೆ ಬೇರೆ. ನುಡಿಯಲ್ಲಿ ಟೈಪ್ ಮಾಡಿದ ಸಾಲಿಗೆ ಶ್ರೀಲಿಪಿಯ ಫಾಂಟ್ ಹಾಕಿದರೆ ಕನ್ನಡ ಅಕ್ಷರಗಳೇ ಬರುತ್ತವೆ, ಅರ್ಥ ಬರುವುದಿಲ್ಲ.

ಎರಡನೆಯ ಗುಂಪು ಯುನಿಕೋಡ್ ಫಾಂಟುಗಳು, ಕನ್ನಡಕ್ಕೆ ಅದರದೇ ಸ್ವಂತ ಮನೆ ಇರುವಂಥವು: ವಿಂಡೋಸ್ ಜೊತೆಗೆ ಬರುವ ನಿರ್ಮಲಾ ಯುಐ, ಹಳೆಯ ತುಂಗಾ, ನುಡಿಯ ಯುನಿಕೋಡ್ ಫಾಂಟುಗಳು, ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಬಾಲೂ ತಮ್ಮ 2, ಅನೇಕ್ ಕನ್ನಡ, ತಿರೋ ಕನ್ನಡ, ಬೆಣ್ಣೆ, ಹುಬ್ಬಳ್ಳಿ ಇತ್ಯಾದಿ.

ಎರಡೂ ಗುಂಪುಗಳನ್ನು ಅಟ್ಟದಲ್ಲಿ ಬೇರೆ ಬೇರೆ ಫೋಲ್ಡರಿನಲ್ಲಿ ಇಡಿ. ಯುನಿಕೋಡಿನಲ್ಲಿ ಟೈಪ್ ಮಾಡಿ ‘ನುಡಿ 01 ಇ’ ಆಯ್ಕೆ ಮಾಡಿದರೆ ಆ ಫಾಂಟಿಗೆ ಅದು ಗೊತ್ತಾಗುವುದಿಲ್ಲ. ತಂತ್ರಾಂಶ ಚೌಕಗಳನ್ನು ತೋರಿಸುತ್ತದೆ, ಇಲ್ಲವೇ ಸದ್ದಿಲ್ಲದೆ ಬೇರೊಂದು ಫಾಂಟನ್ನು ತಂದು ಹಾಕುತ್ತದೆ. ಇದನ್ನು ತಿಳಿಯದವರು ಫಾಂಟ್ ಕೆಟ್ಟಿದೆ ಎಂದು ತೀರ್ಮಾನಿಸಿ ಇನ್ನೊಂದನ್ನು ಇಳಿಸಿಕೊಳ್ಳುತ್ತಾರೆ. ಅದೂ ಆಗಲಿಲ್ಲವೆಂದು ಮತ್ತೊಂದು.

ನಿಮ್ಮ ಎರಡು ಸಾವಿರದಲ್ಲಿ ಎಷ್ಟೋ ಫಾಂಟುಗಳು ಹೀಗೆ ತಪ್ಪು ರೋಗನಿರ್ಣಯದಿಂದ ಒಳಗೆ ಬಂದವು ಎಂದು ನನ್ನ ಅನುಮಾನ. ಫೋಟೋಶಾಪ್‌ನಲ್ಲಿ ಯುನಿಕೋಡ್ ಕನ್ನಡದ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದರೆ ಎಲ್ಲರೂ ಬೈಯುವುದು ಫಾಂಟನ್ನು. ದೋಷ ಇರುವುದು ಪ್ರಿಫರೆನ್ಸಸ್‌ನ ‘ಟೈಪ್’ ಪುಟದಲ್ಲಿ. ಫೋಟೋಶಾಪ್ 2022ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ, ಅಲ್ಲಿ ಅಕ್ಷರ ಜೋಡಣೆಯ ಯಂತ್ರವನ್ನು ‘ವರ್ಲ್ಡ್ ರೆಡಿ ಲೇಔಟ್’ ಎಂದು ಬದಲಿಸಬೇಕು. ಇನ್ನೂ ಹಳೆಯ ಆವೃತ್ತಿಗಳಲ್ಲಿ ಇದೇ ಆಯ್ಕೆಯ ಹೆಸರು ‘ಮಿಡಲ್ ಈಸ್ಟರ್ನ್ ಆಂಡ್ ಸೌತ್ ಏಷ್ಯನ್’. ಬದಲಿಸಿದ ಮೇಲೆ ಹೊಸ ಕಡತದಲ್ಲಿ ಹೊಸದಾಗಿ ಟೈಪ್ ಮಾಡಿ ನೋಡಿ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಫಲಕದ ಮೂಲೆಯ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಇರುತ್ತದೆ. ಇವನ್ನು ಸರಿಪಡಿಸಿದ ದಿನ ‘ಕೆಟ್ಟವು’ ಎಂದು ನೀವು ಹಣೆಪಟ್ಟಿ ಹಚ್ಚಿದ್ದ ಫಾಂಟುಗಳು ಎದ್ದು ಕೂತಾವು. ಪೇಜ್‌ಮೇಕರ್ ಇನ್ನೂ ಬಳಸುತ್ತಿದ್ದರೆ ಈ ಮಾತು ಅನ್ವಯಿಸುವುದಿಲ್ಲ. ಅದರ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ, ಅದಕ್ಕೆ ಯುನಿಕೋಡ್ ತಿಳಿಯದು. ಅಲ್ಲಿಗೆ ಹಳೆಯ ಗುಂಪೇ ಗತಿ.

ಹುಡುಗನ ಸಲಹೆಗೆ ಉತ್ತರವೂ ಇಲ್ಲಿದೆ. ಹೊಸ ಕೆಲಸವನ್ನೆಲ್ಲ ಯುನಿಕೋಡಿನಲ್ಲೇ ಮಾಡಿ ಎಂದು ನಾನೂ ಹೇಳುತ್ತೇನೆ. ಗಿರಾಕಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಹೆಸರುಗಳನ್ನು ಮತ್ತೆ ಟೈಪ್ ಮಾಡುವ ಶ್ರಮ ಉಳಿಯುತ್ತದೆ, ಕಾಗುಣಿತದ ತಪ್ಪು ನಿಮ್ಮ ತಲೆಗೆ ಬರುವುದಿಲ್ಲ. ಆದರೆ ಹಳೆಯ ಕಡತಗಳು ಹಳೆಯ ಸಂಕೇತದಲ್ಲಿಯೇ ಇವೆ. ಅವನ್ನು ಯುನಿಕೋಡಿಗೆ ತರುವ ಪರಿವರ್ತಕಗಳಿವೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ಎರಡು ಒತ್ತು ಬರುವ ಪದಗಳನ್ನೂ ಕಣ್ಣಿಟ್ಟು ನೋಡಬೇಕು. ಸಾವಿರಾರು ಪತ್ರಿಕೆಗಳನ್ನು ಕೂತು ಪರಿವರ್ತಿಸುವ ವ್ಯವಧಾನ ಯಾರಿಗಿದೆ? ಗಿರಾಕಿ ಮರಳಿ ಬಂದಾಗ, ಆ ಒಂದು ಕಡತವನ್ನು ಪರಿವರ್ತಿಸಿ. ಅಲ್ಲಿಯವರೆಗೆ ಹಳೆಯ ಫಾಂಟ್ ಅಟ್ಟದಲ್ಲಿರಲಿ.

ನುಡಿಯ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನುಡಿಯ ಹಳೆಯ ಫಾಂಟುಗಳ ಹೆಸರಿನ ಕೊನೆಗೆ ‘ಇ’ ಅಥವಾ ‘ಕೆ’ ಇರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಅಕ್ಷರಗಳು ಒಂದೇ. ಒಂದೇ ಫಾಂಟ್ ಎರಡು ಸಲ ಏಕೆ ಎಂದು ಜಾಣತನದಿಂದ ‘ಕೆ’ ಇರುವವನ್ನೆಲ್ಲ ತೆಗೆದುಹಾಕಿದೆ. ಕೆಲವು ದಿನಗಳ ನಂತರ ಜಾತ್ರೆಯ ಆಮಂತ್ರಣವೊಂದು ಮರುಮುದ್ರಣಕ್ಕೆ ಬಂತು. ತೆರೆದಾಗ ಬದಲಿ ಫಾಂಟಿನ ಜಾಗದಲ್ಲಿ ‘ಇ’ಯನ್ನು ಆರಿಸಿ ಮುಂದೆ ಹೋದೆ. ಅಕ್ಷರಗಳೆಲ್ಲ ಸರಿಯಾಗಿ ಬಂದವು, ಪ್ರೂಫ್ ನೋಡಿದವರೂ ಅಕ್ಷರಗಳನ್ನೇ ನೋಡಿದರು. ಅಚ್ಚಾಗಿ ಬಂದ ಮೇಲೆ ಹಿರಿಯರೊಬ್ಬರು ರಥೋತ್ಸವದ ಸಮಯದ ಮೇಲೆ ಬೆರಳಿಟ್ಟರು. ಪತ್ರಿಕೆಯ ತುಂಬ ಕನ್ನಡದ ಅಂಕಿ, ಆ ಒಂದು ಚೌಕಟ್ಟಿನಲ್ಲಿ ಮಾತ್ರ ಇಂಗ್ಲಿಷ್ ಅಂಕಿ. ‘ಇ’ ಎಂದರೆ ಇಂಗ್ಲಿಷ್ ಅಂಕಿಯ ಫಾಂಟ್, ‘ಕೆ’ ಎಂದರೆ ಕನ್ನಡ ಅಂಕಿಯದು. ವ್ಯತ್ಯಾಸ ಅಷ್ಟೇ, ಆದರೆ ಕಾಗದದ ದುಡ್ಡು ನನ್ನ ಕೈಯಿಂದ ಹೋಯಿತು. ಹೆಸರಿನ ಬಾಲದಲ್ಲಿ ಒಂದಕ್ಷರ ಬೇರೆ ಇದ್ದರೂ ಅವು ಅವಳಿಗಳೆಂದು ಭಾವಿಸಬೇಡಿ.

ಇನ್ನು ಯುನಿಕೋಡ್ ಫಾಂಟುಗಳು ಪಟ್ಟಿಯನ್ನು ಉಬ್ಬಿಸುವ ರೀತಿಯೇ ಬೇರೆ. ಅನೇಕ್ ಕನ್ನಡದಲ್ಲಿ ತೆಳುವಿನಿಂದ ದಪ್ಪದವರೆಗೆ 8 ಹಂತ, ಕಿರಿದಿನಿಂದ ಅಗಲದವರೆಗೆ 5 ಹಂತ. ಗುಣಿಸಿದರೆ 40. ನೋಟೋ ಸಾನ್ಸ್ ಕನ್ನಡದಲ್ಲಿ 9 ದಪ್ಪ, 4 ಅಗಲ, ಒಟ್ಟು 36. ಜಿಪ್ ಕಡತ ಬಿಚ್ಚಿ ಎಲ್ಲವನ್ನೂ ಆರಿಸಿ ಇನ್‌ಸ್ಟಾಲ್ ಒತ್ತಿದರೆ ಎರಡೇ ಫಾಂಟುಗಳಿಂದ 76 ಸೇರಿದವು. ಅದರ ಮೇಲೆ, ಫಾಂಟಿನೊಳಗೆ ಹೆಸರು ಬರೆದಿಡುವ ಹಳೆಯ ಪದ್ಧತಿಯಲ್ಲಿ ಒಂದು ಕುಟುಂಬಕ್ಕೆ ನಾಲ್ಕೇ ಸದಸ್ಯರು: ಸಾಧಾರಣ, ದಪ್ಪ, ಓರೆ, ದಪ್ಪ-ಓರೆ. ಈ ಹಳೆಯ ಹೆಸರನ್ನೇ ಓದುವ ತಂತ್ರಾಂಶಗಳಲ್ಲಿ ಉಳಿದ ಲೈಟ್, ಮೀಡಿಯಂ, ಬ್ಲ್ಯಾಕ್ ಎಲ್ಲವೂ ಬೇರೆ ಬೇರೆ ಕುಟುಂಬಗಳಂತೆ ಸಾಲುಗಟ್ಟಿ ನಿಲ್ಲುತ್ತವೆ. ಫೋಟೋಶಾಪ್‌ನಲ್ಲಿ ಒಂದೇ ಹೆಸರಿನಡಿ ಅಡಗಿ ಕೂರುವ ಫಾಂಟ್ ವರ್ಡ್‌ನಲ್ಲಿ ಉದ್ದಕ್ಕೆ ಹರಡಿಕೊಳ್ಳುವುದು ಇದರಿಂದ.

ಹಾಗಾಗಿ ಪ್ರತಿ ಕುಟುಂಬದಿಂದ ಬೇಕಾದವನ್ನು ಮಾತ್ರ ಹಾಕಿ. ಲಗ್ನಪತ್ರಿಕೆಗೆ ಸಾಧಾರಣ, ಸ್ವಲ್ಪ ದಪ್ಪ, ತುಂಬ ದಪ್ಪ, ಈ ಮೂರು ಧಾರಾಳವಾಗಿ ಸಾಕು. ಗೂಗಲ್‌ನಿಂದ ಇಳಿಸಿದ ಜಿಪ್‌ನಲ್ಲಿ ಹೊರಗೆ ಎಲ್ಲ ದಪ್ಪಗಳನ್ನೂ ಒಂದೇ ಕಡತದಲ್ಲಿ ಅಡಗಿಸಿಕೊಂಡ ಒಂದು ‘ವೇರಿಯಬಲ್’ ಫಾಂಟ್, ಒಳಗೆ ‘ಸ್ಟ್ಯಾಟಿಕ್’ ಎಂಬ ಫೋಲ್ಡರಿನಲ್ಲಿ ಬಿಡಿ ಫಾಂಟುಗಳು ಇರುತ್ತವೆ. ಎರಡನ್ನೂ ಹಾಕಬೇಡಿ, ಒಂದೇ ಹೆಸರಿಗೆ ಎರಡು ಫಾಂಟ್ ಜಗಳವಾಡುತ್ತವೆ. ಕೋರಲ್‌ಡ್ರಾಗೆ ವೇರಿಯಬಲ್ ಫಾಂಟ್ ಅರ್ಥವಾಗತೊಡಗಿದ್ದು 2020ರ ಆವೃತ್ತಿಯಿಂದ. ನಿಮ್ಮದು ಅದಕ್ಕಿಂತ ಹಳೆಯದಾದರೆ, ಅಥವಾ ಪ್ಲೇಟ್ ಮಾಡುವವರ ಬಳಿ ಹಳೆಯದಿದ್ದರೆ, ಬಿಡಿ ಫಾಂಟುಗಳೇ ಒಳ್ಳೆಯದು.

ಇಂಗ್ಲಿಷ್ ಫಾಂಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಸಿಡಿಯಲ್ಲಿ ಸಾವಿರಾರು ತುಂಬಿಕೊಂಡು ಬರುತ್ತಿದ್ದ ಕಾಲದ ಸಂಗ್ರಹವಾಗಿದ್ದರೆ ಇಡಿಯಾಗಿ ಅಟ್ಟಕ್ಕೆ ಹಾಕಿ, ಇಪ್ಪತ್ತು ಉಳಿಸಿಕೊಳ್ಳಿ. ಹಳೆಯ ಪಿಎಫ್‌ಬಿ ಕಡತಗಳಿದ್ದರೆ ಅವು ಪೋಸ್ಟ್‌ಸ್ಕ್ರಿಪ್ಟ್ ಟೈಪ್ 1 ಫಾಂಟುಗಳು. ಅಡೋಬಿ 2023ರ ಜನವರಿಯಿಂದ ತನ್ನ ತಂತ್ರಾಂಶಗಳಲ್ಲಿ ಅವುಗಳಿಗೆ ಬೆಂಬಲ ನಿಲ್ಲಿಸಿದೆ. ಕೆಲವು ತಂತ್ರಾಂಶಗಳ ಪಟ್ಟಿಯಲ್ಲಿ ‘ಅಟ್’ ಚಿಹ್ನೆಯಿಂದ ಶುರುವಾಗುವ ಹೆಸರುಗಳು ಕಂಡರೆ ಅವು ಚೀನಿ, ಜಪಾನಿ, ಕೊರಿಯನ್ ಫಾಂಟುಗಳ ಲಂಬ ಬರವಣಿಗೆಯ ರೂಪಗಳು. ವೈರಸ್ ಅಲ್ಲ, ಬಿಟ್ಟುಬಿಡಿ. ವಿಂಡೋಸ್‌ನದೇ ಆದ ಸೆಗೋ ಯುಐ, ತಾಹೋಮಾ, ಏರಿಯಲ್, ನಿರ್ಮಲಾ ಯುಐಗಳನ್ನು ಮುಟ್ಟಬೇಡಿ, ಗಣಕದ ಮೆನುಗಳು ನಿಂತಿರುವುದೇ ಇಂಥವುಗಳ ಮೇಲೆ. ವಿಂಡೋಸ್ 10 ಬಂದಮೇಲೆ ತುಂಗಾ ಕಾಣೆಯಾಗಿದೆ ಎಂದು ಹಲವರು ಕೇಳುತ್ತಾರೆ. ಅದು ಕನ್ನಡದ ಪೂರಕ ಫಾಂಟುಗಳ ಐಚ್ಛಿಕ ಸೌಲಭ್ಯವಾಗಿದೆ, ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಸಿಗುತ್ತದೆ.

ಫಾಂಟ್ಸ್ ಫೋಲ್ಡರಿನಲ್ಲಿ ‘ಹೈಡ್’ ಎಂಬ ಗುಂಡಿ ಇದೆಯಲ್ಲ, ಅದನ್ನು ಒತ್ತಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ವರ್ಡ್‌ಪ್ಯಾಡ್‌ನಂಥ ಸರಳ ತಂತ್ರಾಂಶಗಳು ಆ ಮಾತನ್ನು ಕೇಳುತ್ತವೆ, ವಿನ್ಯಾಸದ ತಂತ್ರಾಂಶಗಳು ಕೇಳುವುದಿಲ್ಲ. ಫಾಂಟ್ ಕಡತದ ಹೆಸರಿನ ಮುಂದೆ ಸೊನ್ನೆಯೋ ಒಂದೋ ಸೇರಿಸಿ ಪಟ್ಟಿಯ ಮೇಲಕ್ಕೆ ತರಲು ಹೋಗುವವರೂ ಇದ್ದಾರೆ. ಪಟ್ಟಿಯ ಕ್ರಮ ಫಾಂಟಿನ ಒಳಗೆ ಬರೆದ ಹೆಸರಿನಂತೆ ಇರುತ್ತದೆ, ಕಡತದ ಹೆಸರಿನಂತಲ್ಲ. ಒಳಗಿನ ಹೆಸರನ್ನೇ ತಿದ್ದಿದರೆ ಪಟ್ಟಿ ಬದಲಾಗುತ್ತದೆ ನಿಜ, ಜೊತೆಗೆ ಹಳೆಯ ಕಡತಗಳೆಲ್ಲ ಫಾಂಟ್ ಸಿಗಲಿಲ್ಲವೆಂದು ಅಳತೊಡಗುತ್ತವೆ.

ಅಟ್ಟದಿಂದ ಬೇಕಾದಾಗ ಇಳಿಸಿ, ಕೆಲಸ ಮುಗಿದಮೇಲೆ ಮತ್ತೆ ಏರಿಸುವುದಕ್ಕೆ ಫಾಂಟ್ ಮ್ಯಾನೇಜರ್ ಬೇಕು. ನಿಮ್ಮಲ್ಲಿ ಕೋರಲ್ ಎಕ್ಸ್8 ಅಥವಾ ಅದರ ನಂತರದ್ದಿದ್ದರೆ ‘ಕೋರಲ್ ಫಾಂಟ್ ಮ್ಯಾನೇಜರ್’ ಜೊತೆಯಲ್ಲೇ ಬಂದಿರುತ್ತದೆ, ನೀವು ತೆರೆದು ನೋಡಿಲ್ಲ ಅಷ್ಟೇ. ಅದಕ್ಕೆ ಅಟ್ಟದ ಫೋಲ್ಡರನ್ನು ತೋರಿಸಿದರೆ ಇನ್‌ಸ್ಟಾಲ್ ಮಾಡದೆಯೇ ಅಲ್ಲಿನ ಫಾಂಟನ್ನು ಕೋರಲ್‌ನಲ್ಲಿ ಬಳಸಬಹುದು. ಎಕ್ಸ್8ಗಿಂತ ಹಳೆಯ ಆವೃತ್ತಿಗಳಲ್ಲಿ ‘ಬಿಟ್‌ಸ್ಟ್ರೀಮ್ ಫಾಂಟ್ ನ್ಯಾವಿಗೇಟರ್’ ಇರುತ್ತಿತ್ತು. ಫೋಟೋಶಾಪ್‌ಗೂ ಬೇಕೆಂದರೆ ಉಚಿತವಾಗಿ ಸಿಗುವ ನೆಕ್ಸಸ್‌ಫಾಂಟ್ ಅಥವಾ ಫಾಂಟ್‌ಬೇಸ್ ಹಾಕಿಕೊಳ್ಳಿ. ನೆಕ್ಸಸ್‌ಫಾಂಟ್‌ನ ಕ್ರಮ ಸರಳ: ಅದು ತೆರೆದಿರುವವರೆಗೆ, ಅದರಲ್ಲಿ ಆರಿಸಿದ ಗುಂಪಿನ ಫಾಂಟುಗಳು ಉಳಿದ ತಂತ್ರಾಂಶಗಳಿಗೆ ಕಾಣುತ್ತವೆ, ಮುಚ್ಚಿದರೆ ಹೋಗುತ್ತವೆ. ಕೆಲವು ಹಳೆಯ ತಂತ್ರಾಂಶಗಳನ್ನು ಒಮ್ಮೆ ಮುಚ್ಚಿ ತೆರೆಯಬೇಕಾದೀತು.

ಗುಂಪುಗಳಿಗೆ ‘ಸೆರಿಫ್’, ‘ಸಾನ್ಸ್’ ಎಂದು ಹೆಸರಿಡಬೇಡಿ. ನಿಮ್ಮ ಗಿರಾಕಿ ಅಂಗಡಿಗೆ ಬಂದು ಸೆರಿಫ್ ಕೊಡಿ ಎನ್ನುವುದಿಲ್ಲ. ‘ಲಗ್ನಪತ್ರಿಕೆ’, ‘ಜಾತ್ರೆ ಫ್ಲೆಕ್ಸ್’, ‘ಬಿಲ್ ಪುಸ್ತಕ’, ‘ಶ್ರದ್ಧಾಂಜಲಿ’ ಎಂದು ಇಡಿ. ಒಂದೇ ಫಾಂಟ್ ಎರಡು ಗುಂಪಿನಲ್ಲಿದ್ದರೂ ತೊಂದರೆಯಿಲ್ಲ, ಕಡತ ಒಂದೇ. ಗಣಕ ಸದಾ ಹೊತ್ತಿರಬೇಕಾದದ್ದು ಆ ಐವತ್ತು ಅರವತ್ತು ಮಾತ್ರ.

ಫೋಟೋಶಾಪ್‌ನ ಪಟ್ಟಿ ತೆರೆಯಲು ತಡವಾಗುತ್ತಿದ್ದರೆ ‘ಟೈಪ್’ ಮೆನುವಿನಲ್ಲಿ ‘ಫಾಂಟ್ ಪ್ರಿವ್ಯೂ ಸೈಜ್’ ಅನ್ನು ‘ನನ್’ ಮಾಡಿ. ಮಾದರಿ ಚಿತ್ರಿಸುವ ಕೆಲಸ ತಪ್ಪಿ ಪಟ್ಟಿ ಚುರುಕಾಗುತ್ತದೆ. ಹಳೆಯ ಸಂಕೇತದ ಫಾಂಟುಗಳಲ್ಲಿ ಆ ಮಾದರಿಯಿಂದ ನಿಮಗೆ ಲಾಭವೂ ಇರಲಿಲ್ಲ. ಹೆಸರಿನ ಪಕ್ಕದ ನಕ್ಷತ್ರ ಒತ್ತಿ ನೆಚ್ಚಿನವನ್ನು ಗುರುತಿಸಿದರೆ ಅವನ್ನಷ್ಟೇ ತೋರಿಸುವಂತೆ ಮಾಡಬಹುದು. ಪಟ್ಟಿಯನ್ನು ಉರುಳಿಸುತ್ತ ಹೋಗುವ ಬದಲು ಹೆಸರಿನ ಒಂದು ತುಣುಕನ್ನು ಟೈಪ್ ಮಾಡಿ. ‘ಕನ್’ ಎಂಬುದನ್ನು ಇಂಗ್ಲಿಷಿನಲ್ಲಿ ಹೊಡೆದರೆ ನೋಟೋ ಕನ್ನಡ, ಅನೇಕ್ ಕನ್ನಡ ಎಲ್ಲ ಒಟ್ಟಿಗೆ ಬರುತ್ತವೆ. ತೆಗೆದುಹಾಕಿದ ಫಾಂಟ್ ಇನ್ನೂ ಅಡೋಬಿಯ ಪಟ್ಟಿಯಲ್ಲಿ ದೆವ್ವದಂತೆ ಕಾಣುತ್ತಿದ್ದರೆ ತಂತ್ರಾಂಶಗಳನ್ನೆಲ್ಲ ಮುಚ್ಚಿ, ‘ಅಡೋಬಿಎಫ್ಎನ್‌ಟಿ’ ಎಂದು ಶುರುವಾಗಿ ‘ಎಲ್‌ಎಸ್‌ಟಿ’ ಎಂದು ಮುಗಿಯುವ ಕಡತಗಳನ್ನು ಹುಡುಕಿ ಅಳಿಸಿ. ಅವು ಹಳೆಯ ಪಟ್ಟಿಯ ನೆನಪುಗಳು, ಮತ್ತೆ ತಾವಾಗಿ ಹುಟ್ಟುತ್ತವೆ.

ಮುಂದೆ ನಿಮ್ಮ ಪತ್ರಿಕೆಗೆ ಆದದ್ದು ಮತ್ತೆ ಆಗದಿರಬೇಕಾದರೆ, ಪ್ರತಿ ಕೆಲಸದ ಫೋಲ್ಡರಿನಲ್ಲಿ ಮೂಲ ಕಡತ, ಪಿಡಿಎಫ್, ಬಳಸಿದ ಫಾಂಟುಗಳು ಈ ಮೂರೂ ಇರಲಿ. ಕೋರಲ್‌ನ ಫೈಲ್ ಮೆನುವಿನ ‘ಕಲೆಕ್ಟ್ ಫಾರ್ ಔಟ್‌ಪುಟ್’, ಇನ್‌ಡಿಸೈನ್‌ನ ‘ಪ್ಯಾಕೇಜ್’ ಈ ಕೆಲಸಕ್ಕೇ ಇರುವುದು. ಇನ್‌ಡಿಸೈನ್‌ನಲ್ಲಿ ಇನ್ನೂ ಒಂದು ಅನುಕೂಲ: ಕಡತದ ಪಕ್ಕದಲ್ಲೇ ‘ಡಾಕ್ಯುಮೆಂಟ್ ಫಾಂಟ್ಸ್’ ಎಂಬ ಫೋಲ್ಡರಿನಲ್ಲಿ ಫಾಂಟ್ ಇಟ್ಟರೆ, ಆ ಕಡತ ತೆರೆದಾಗ ಮಾತ್ರ ಅದು ಬರುತ್ತದೆ. ಪ್ರೆಸ್‌ಗೆ ಕಳುಹಿಸುವಾಗ ಕಂಟ್ರೋಲ್ ಮತ್ತು ಕ್ಯೂ ಒತ್ತಿ ಕರ್ವ್ಸ್ ಮಾಡುತ್ತೀರಲ್ಲ, ಅದನ್ನು ಬೇರೆ ಹೆಸರಿನಲ್ಲಿ ಉಳಿಸಿ. ಕರ್ವ್ಸ್ ಆದ ಪತ್ರಿಕೆಯಲ್ಲಿ ವರನ ತಂದೆಯ ಹೆಸರು ತಿದ್ದುವುದು ಎಂಥ ಕಷ್ಟ ಎಂಬುದು ನಿಮಗೆ ಗೊತ್ತೇ ಇದೆ. ದುಡ್ಡು ಕೊಟ್ಟು ಕೊಂಡ ಫಾಂಟುಗಳನ್ನು ಹೊರಗಿನವರಿಗೆ ಹಂಚುವ ಮೊದಲು ಪರವಾನಗಿಯನ್ನು ನೋಡಿಕೊಳ್ಳಿ. ಗೂಗಲ್ ಫಾಂಟ್ಸ್‌ನ ಕನ್ನಡ ಫಾಂಟುಗಳಿಗೆ ಆ ತೊಡಕಿಲ್ಲ.

ಇನ್ನು ನಿಮ್ಮ ಹುಡುಗ. ಹೊಸ ಫಾಂಟ್ ಕಂಡರೆ ಹಾಕದೆ ಇರುವವನಲ್ಲ ಎಂದು ನನ್ನ ಊಹೆ. ಅವನ ಲಾಗಿನ್‌ಗೆ ಅಡ್ಮಿನ್ ಅಧಿಕಾರ ತೆಗೆದರೂ ಪ್ರಯೋಜನವಿಲ್ಲ, ಖಾಸಗಿ ಫೋಲ್ಡರಿಗೆ ಹಾಕಿಕೊಳ್ಳಲು ಈಗ ಅಡ್ಮಿನ್ ಆಗಬೇಕಿಲ್ಲ. ಬದಲಿಗೆ ಅಟ್ಟದಲ್ಲಿ ‘ಹೊಸದು’ ಎಂದು ಒಂದು ಫೋಲ್ಡರ್ ಮಾಡಿ ಅವನಿಗೇ ಒಪ್ಪಿಸಿ. ಇಳಿಸಿದ್ದೆಲ್ಲ ಅಲ್ಲಿ ಬೀಳಲಿ, ನೆಕ್ಸಸ್‌ಫಾಂಟ್‌ನಲ್ಲಿ ಆ ಗುಂಪನ್ನು ತೆರೆದು ಬಳಸಲಿ. ಅದರಲ್ಲೊಂದು ಫಾಂಟ್ ಮೂರು ಗಿರಾಕಿಗಳ ಕೆಲಸಕ್ಕೆ ಬಂದರೆ ಅದನ್ನು ಇನ್‌ಸ್ಟಾಲ್ ಮಾಡಿ, ಅಂಗಡಿಯ ಎಲ್ಲ ಗಣಕಗಳಲ್ಲೂ, ಅದೇ ದಿನ. ಒಂದರಲ್ಲಿ ಮಾತ್ರ ಹಾಕಿದರೆ ಮರುದಿನ ಇನ್ನೊಂದರಲ್ಲಿ ಆ ಟೋಪಿಯ ಎ ಮತ್ತೆ ಹಾಜರು.